ನಮ್ಮ ಅಂಗಳದ ಮರ ಕಡಿಯೋಕೂ ಅನುಮತಿ ಬೇಕಾ?

ಪ್ರಶ್ನೆ: ನಮ್ಮದು ಬೆಂಗಳೂರು ದಕ್ಷಿಣದಲ್ಲಿ 40×60 ಸೈಟು. ಮಾವನವರು 1985ರಲ್ಲಿ ಕಟ್ಟಿಸಿದ ಮನೆ. ಹಿತ್ತಲಲ್ಲಿ ಅವರೇ ನೆಟ್ಟ ಹಲಸಿನ ಮರ ಇದೆ. ಮುಂದೆ ಕಾಂಪೌಂಡಿನ ಒಳಗೆ ಒಂದು ಗುಲ್‌ಮೊಹರ್, ಅದು ರಸ್ತೆ ಕಡೆಗೆ ವಾಲಿದೆ. ಪಕ್ಕದಲ್ಲಿ ಎರಡು ತೆಂಗು. ಗೇಟಿನ ಹೊರಗೆ ಫುಟ್‌ಪಾತಿನಲ್ಲಿ ಒಂದು ಹೊಂಗೆ. ಈಗ ಮಗ ಹಳೆ ಮನೆ ಕೆಡವಿ ಮೂರು ಮಹಡಿ ಕಟ್ಟಬೇಕು ಅಂತಿದ್ದಾನೆ. ಹಲಸಿನ ಬೇರು ಪಾಯ ಎತ್ತುತ್ತದೆ, ಅದನ್ನು ತೆಗೆಯಲೇಬೇಕು ಅನ್ನುತ್ತಾರೆ ಕಂಟ್ರಾಕ್ಟರ್. "ನಿಮ್ಮ ಜಾಗದ ಮರಕ್ಕೆ ಪರ್ಮಿಷನ್ ಯಾಕೆ? ಭಾನುವಾರ ಬೆಳಿಗ್ಗೆ ಕಡಿಸಿಬಿಡೋಣ. ಅದೂ ಬೇಡ ಅಂದ್ರೆ ಬುಡಕ್ಕೆ ಆಸಿಡ್ ಹಾಕಿದ್ರೆ ತಾನಾಗೇ ಒಣಗುತ್ತೆ" ಅಂತಾರೆ. ಪಕ್ಕದ ಮನೆಯವರಿಗೆ ಹಲಸಿನ ಎಲೆ ಉದುರುವುದೇ ದೊಡ್ಡ ತಲೆನೋವು. ನನಗೆ ಹಲಸನ್ನು ಕಡಿಯಲು ಮನಸ್ಸಿಲ್ಲ. ಗುಲ್‌ಮೊಹರ್ ಕಂಡರೆ ಭಯ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಆಸಿಡ್ ವಿಷಯ. ದಯವಿಟ್ಟು ಅದನ್ನು ಮಾಡಿಸಬೇಡಿ. ಬೇರೆ ಯಾವ ಮಾತಿಗಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ.

ಮರ ಕಡಿಯುವುದು ಅಂದರೆ ಕೊಡಲಿ ಹಾಕಿ ಉರುಳಿಸುವುದು ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಕಾನೂನು ಹಾಗೆ ನೋಡುವುದಿಲ್ಲ. ಕರ್ನಾಟಕದಲ್ಲಿ 1976ರಿಂದ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬೇರು ಸಮೇತ ಕೀಳುವುದು, ಸುಡುವುದು, ಬುಡದ ಸುತ್ತ ತೊಗಟೆ ಸುಲಿಯುವುದು, ಕೊಂಬೆಯೆಲ್ಲ ಕಡಿದು ಬೋಳಿಸುವುದು, ಔಷಧಿ ಹಾಕಿ ಸಾಯಿಸುವುದು, ಇವೆಲ್ಲ ಅದರ ಲೆಕ್ಕದಲ್ಲಿ ಮರ ಕಡಿದ ಹಾಗೆಯೇ. ಅಂದರೆ ಆಸಿಡ್ ಹಾಕಿದರೆ ನೀವು ತಪ್ಪಿಸಿಕೊಂಡ ಹಾಗಲ್ಲ. ಅದೇ ತಪ್ಪನ್ನು ನಿಧಾನವಾಗಿ ಮಾಡಿದ ಹಾಗೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಿಷ ಹಾಕಿದ ಮರ ಒಂದೇ ದಿನಕ್ಕೆ ಬೀಳುವುದಿಲ್ಲ. ಬೇರು ಮೊದಲು ಸಾಯುತ್ತದೆ. ಮೇಲೆ ಕೊಂಬೆ ಒಣಗುತ್ತಾ ಹೋಗುತ್ತದೆ. ಮರ ನಿಂತೇ ಇರುತ್ತದೆ, ಆದರೆ ಯಾವತ್ತು ಯಾರ ತಲೆ ಮೇಲೆ ಬೀಳುತ್ತದೋ ಹೇಳೋಕಾಗಲ್ಲ. ಸಾಯಿಸಿದ ಮರವನ್ನು ಹತ್ತಿ ಇಳಿಸೋಕೆ ಅನುಭವಸ್ಥ ಕೆಲಸಗಾರರೂ ಹಿಂದೇಟು ಹಾಕುತ್ತಾರೆ. ಹಸಿ ಕೊಂಬೆ ಅವರ ತೂಕ ತಡೆಯುತ್ತದೆ, ಒಣ ಕೊಂಬೆ ತಡೆಯುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹೌದು, ನಿಮ್ಮ ಸ್ವಂತ ಜಾಗದಲ್ಲಿ, ನಿಮ್ಮ ಮಾವನವರೇ ನೆಟ್ಟ ಮರವಾದರೂ ಅನುಮತಿ ಬೇಕು. ಜಾಗ ಯಾರದು ಅನ್ನುವುದನ್ನು ಕಾಯ್ದೆಯ 8ನೇ ಕಲಂ ನೋಡುವುದೇ ಇಲ್ಲ. ಸ್ವಂತದ್ದೋ ಬೇರೆಯವರದ್ದೋ, ಯಾವ ಜಮೀನಿನ ಮರವನ್ನೂ ವೃಕ್ಷಾಧಿಕಾರಿಯ ಅನುಮತಿ ಮೊದಲೇ ಪಡೆಯದೆ ಕಡಿಯುವಂತಿಲ್ಲ. ವೃಕ್ಷಾಧಿಕಾರಿ ಅಂದರೆ ಜನ ಟ್ರೀ ಆಫೀಸರ್ ಅಂತ ಕರೆಯುವವರು. ಇವರು ಅರಣ್ಯ ಇಲಾಖೆಯ ಅಧಿಕಾರಿ. ಬೆಂಗಳೂರಿನಲ್ಲಿ ಪಾಲಿಕೆಯ ಅರಣ್ಯ ವಿಭಾಗದಲ್ಲಿ ಕೂರುತ್ತಾರೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇದೇ ಕಾಯ್ದೆ, ಕಚೇರಿ ಮಾತ್ರ ಬೇರೆ.

ಆದರೆ ನಿಮ್ಮ ಸೈಟಿನ ಐದೂ ಮರಗಳು ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ನಿಮ್ಮ ಪತ್ರ ನನಗೆ ಇಷ್ಟವಾಯಿತು. ಒಂದೊಂದಾಗಿ ನೋಡೋಣ.

ತೆಂಗು ಸುಲಭ. ಕೆಲವು ಜಾತಿಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಇಂಥವು ಆ ಪಟ್ಟಿಯಲ್ಲಿ ಸೇರಿವೆ. ಜನ ಬೆಳೆಯಾಗಿ ಬೆಳೆಸಿ ಕಡಿಯುವ ಮರಗಳು ಅನ್ನುವ ಕಾರಣಕ್ಕೆ ಇವನ್ನು ಬಿಟ್ಟಿದ್ದಾರೆ. ಆದರೂ ನೀವು ಬೇರೆ ಮರಗಳಿಗೆ ಅರ್ಜಿ ಹಾಕುವಾಗ ತೆಂಗನ್ನೂ ಸೈಟಿನ ನಕ್ಷೆಯಲ್ಲಿ ಗುರುತು ಮಾಡಿ ತೋರಿಸಿ. ಸ್ಥಳ ನೋಡಲು ಬಂದವರಿಗೆ ಎಲ್ಲ ಮರವೂ ಕಾಗದದಲ್ಲಿ ಕಂಡರೆ ಅನುಮಾನ ಬರುವುದಿಲ್ಲ. ನನ್ನನ್ನು ಕೇಳಿದರೆ ಕಾಯಿ ಬಿಡುವ ತೆಂಗನ್ನು ಕಡಿಯಬೇಡಿ ಅಂತಲೇ ಹೇಳುತ್ತೇನೆ. ಅದಕ್ಕೆ ಬೇಕಾಗುವ ಜಾಗ ಎಷ್ಟು ಕಮ್ಮಿ ಅಲ್ವಾ!

ಗೇಟಿನ ಹೊರಗಿನ ಹೊಂಗೆ ನಿಮ್ಮದಲ್ಲ. ಅದು ರಸ್ತೆ ಮರ, ಪಾಲಿಕೆಯದ್ದು. ಕಾರು ಒಳಗೆ ಬರೋಕೆ ಗೇಟು ಅಗಲ ಮಾಡಬೇಕು ಅಂತ ಅದನ್ನು ಮುಟ್ಟುವಂತಿಲ್ಲ. ಮಗನಿಗೆ ಈಗಲೇ ಹೇಳಿ, ಗೇಟು ಹೊಂಗೆಯಿಂದ ದೂರಕ್ಕೆ ಬರಲಿ. ಕಟ್ಟಡದ ಕೆಲಸ ನಡೆಯುವಾಗ ಮರಳು, ಜಲ್ಲಿ, ಸಿಮೆಂಟು ಎಲ್ಲವನ್ನೂ ಫುಟ್‌ಪಾತಿನ ಮರದ ಬುಡಕ್ಕೇ ಸುರಿಯುವುದು ನಮ್ಮೂರಿನ ಕೆಟ್ಟ ಅಭ್ಯಾಸ. ಸಿಮೆಂಟು ನೀರು ಮಣ್ಣಿಗೆ ಇಳಿದರೆ ಬೇರು ಸುಟ್ಟುಹೋಗುತ್ತದೆ. ಅದಕ್ಕಂತೂ ಅವಕಾಶ ಕೊಡಬೇಡಿ. ಹೊಂಗೆ ತುಂಬಾ ತಾಳಿಕೆಯ ಮರ. ಉಸಿರಾಡಲು ಸ್ವಲ್ಪ ಮಣ್ಣು ಬಿಟ್ಟರೆ ಸಾಕು, ಅದರ ಪಾಡಿಗೆ ಅದು ಇರುತ್ತದೆ.

ಉಳಿದದ್ದು ಗುಲ್‌ಮೊಹರ್ ಮತ್ತು ಹಲಸು. ಇವೆರಡಕ್ಕೂ ಒಂದೇ ಕಾನೂನು, ಒಂದೇ ಬಗೆಯ ಅರ್ಜಿ. ಆದರೆ ಎರಡರ ಉತ್ತರ ಬೇರೆ ಬೇರೆ ಬರುವ ಸಾಧ್ಯತೆ ಜಾಸ್ತಿ. ಯಾಕೆ ಅಂತ ಅರ್ಥವಾಗಬೇಕಾದರೆ ಕಾಯ್ದೆಯ ಒಂದು ಸಣ್ಣ ಭಾಗವನ್ನು ಗಮನವಿಟ್ಟು ಓದಬೇಕು. ಕಂಟ್ರಾಕ್ಟರುಗಳು, ಇಂಜಿನಿಯರುಗಳು ಯಾರೂ ಇದನ್ನು ಮನೆಯವರಿಗೆ ಹೇಳುವುದಿಲ್ಲ.

ಅರ್ಜಿ ಬಂದ ಮೇಲೆ ಅಧಿಕಾರಿ ಬಂದು ಮರ ನೋಡಬೇಕು, ವಿಚಾರಿಸಬೇಕು. ಆಮೇಲೆ ಪೂರ್ತಿ ಅನುಮತಿ ಕೊಡಬಹುದು, ಕೆಲವು ಮರಕ್ಕಷ್ಟೇ ಕೊಡಬಹುದು, ಅಥವಾ ಕಾರಣ ಬರೆದು ನಿರಾಕರಿಸಬಹುದು. ಆದರೆ ಕೆಲವು ಸಂದರ್ಭಗಳಲ್ಲಿ ನಿರಾಕರಿಸುವಂತಿಲ್ಲ. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ. ಪೂರ್ತಿ ಬಲಿತು ಕಟಾವಿಗೆ ಬಂದಿದ್ದರೆ. ಜೀವಕ್ಕೋ ಆಸ್ತಿಗೋ ಅಪಾಯ ಆಗುವಂತಿದ್ದರೆ. ಸಂಚಾರಕ್ಕೆ ಅಡ್ಡಿಯಾಗಿದ್ದರೆ. ಬೆಂಕಿ, ಸಿಡಿಲು, ಮಳೆಗೆ ಸಿಕ್ಕಿ ಬಹಳ ಹಾಳಾಗಿದ್ದರೆ. ಹಳ್ಳಿ ಕಡೆಯಾದರೆ ಮನೆ ಬಳಕೆಯ ಸೌದೆ, ಮೇವು, ನೇಗಿಲು ಇಂಥದ್ದಕ್ಕೆ ಬೇಕಾಗಿದ್ದರೆ.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ನಗರದ ಮಟ್ಟಿಗೆ ಎಲ್ಲವೂ ಮರದ ಸ್ಥಿತಿಯ ಮಾತೇ. "ಮನೆ ಕಟ್ಟಬೇಕು", "ಕಾರು ನಿಲ್ಲಿಸಬೇಕು", "ಎಲೆ ಉದುರುತ್ತದೆ" ಇವು ಎಲ್ಲೂ ಇಲ್ಲ. ಮನೆ ಕಟ್ಟೋಕೆ ಅಂತ ಅರ್ಜಿ ಹಾಕಲೇಬಾರದು ಅಂತಲ್ಲ. ಹಾಕಬಹುದು, ಅನುಮತಿ ಸಿಗಲೂಬಹುದು. ಆದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅಪಾಯದ ಮರಕ್ಕೆ ಸಿಗುವ ಖಾತ್ರಿ ಗಟ್ಟಿಮುಟ್ಟಾದ ಮರಕ್ಕೆ ಸಿಗುವುದಿಲ್ಲ. ನಾನು ಇಷ್ಟು ವರ್ಷ ಮರ ನೋಡಿ ವರದಿ ಬರೆಯುವ ಕೆಲಸದಲ್ಲಿ ಕಂಡದ್ದು ಇದೇ. ಜನ ಮನೆಯ ಕಥೆ ಹೇಳಿಕೊಂಡು ಬರುತ್ತಾರೆ, ಕಾನೂನು ಮರದ ಕಥೆ ಕೇಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಕಟ್ಟಡದ ನಕ್ಷೆ ಮಂಜೂರಾದರೆ ಅದರಲ್ಲಿರುವ ಮರ ಕಡಿಯೋಕೂ ಮಂಜೂರಾತಿ ಸಿಕ್ಕಿದ ಹಾಗೆ ಅಂತ ಹಲವರು ನಂಬಿದ್ದಾರೆ. ಹಾಗಿಲ್ಲ. ನಕ್ಷೆ ನೋಡುವವರು ಬೇರೆ, ಮರ ನೋಡುವವರು ಬೇರೆ. ಎಷ್ಟೋ ಸಲ ಸೈಟಿನಲ್ಲಿ ಮರ ಇದೆ ಅನ್ನುವುದೇ ನಕ್ಷೆಯಲ್ಲಿ ಇರುವುದಿಲ್ಲ. ಸಾಲ ಮಂಜೂರಾಗಿ, ಹಳೆ ಮನೆ ಕೆಡವಿ, ಬಾಡಿಗೆ ಮನೆಗೆ ಹೋದ ಮೇಲೆ ಮರದ ಅರ್ಜಿ ಹಾಕುತ್ತಾರೆ. ಆಗ ಒಂದೊಂದು ವಾರವೂ ದುಡ್ಡು. ಆ ಒತ್ತಡದಲ್ಲೇ "ಭಾನುವಾರ ಬೆಳಿಗ್ಗೆ" ಅನ್ನುವ ಮಾತು ಹುಟ್ಟುವುದು. ನಿಮ್ಮ ಮನೆ ಇನ್ನೂ ನಿಂತಿದೆ, ನಕ್ಷೆ ಇನ್ನೂ ಬರೆದಿಲ್ಲ. ಈಗಲೇ ಕೇಳಿದ್ದು ಒಳ್ಳೆಯದಾಯಿತು. ಮರವನ್ನು ಮೊದಲು ನೋಡಿಸಿ, ಆಮೇಲೆ ನಕ್ಷೆ ಬರೆಸಿ.

ಈಗ ಗುಲ್‌ಮೊಹರ್ ನೋಡೋಣ. ನಿಮ್ಮ ಭಯ ಸುಮ್ಮನೆ ಅಲ್ಲ. ಇದು ಮಡಗಾಸ್ಕರ್ ದ್ವೀಪದಿಂದ ಬಂದ ಮರ. ಮೇ ತಿಂಗಳ ಬೆಂಗಳೂರಿಗೆ ಆ ಕೆಂಪು ಬೇಕೇ ಬೇಕು ಅನ್ನುವಷ್ಟು ನಮ್ಮದಾಗಿದೆ. ಆದರೆ ಅದರ ಬೇರು ಆಳಕ್ಕೆ ಹೋಗುವುದಿಲ್ಲ, ಅಗಲಕ್ಕೆ ಹರಡುತ್ತದೆ. ಕಟ್ಟಿಗೆ ಪೆಡಸು, ಬಾಗುವುದಕ್ಕಿಂತ ಮುರಿಯುವುದೇ ಬೇಗ. ಹೂ, ಎಲೆ ತುಂಬಿಕೊಂಡು ತಲೆ ಭಾರವಾಗಿರುವ ಹೊತ್ತಿಗೇ ಮುಂಗಾರಿಗೆ ಮೊದಲಿನ ಬಿರುಗಾಳಿ ಮಳೆ ಬರುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ರಸ್ತೆಗಳಲ್ಲಿ ಮರ ಬಿದ್ದ ಸುದ್ದಿ ಬರುವುದು ಇದಕ್ಕೇ.

ಆದರೂ ವಾಲಿದ ಮರವೆಲ್ಲ ಬೀಳುವ ಮರವಲ್ಲ. ವಾಲುವುದರಲ್ಲಿ ಎರಡು ಬಗೆ. ಚಿಕ್ಕಂದಿನಲ್ಲಿ ಬೆಳಕು ಹುಡುಕಿಕೊಂಡು ವಾಲಿದ ಮರದ ಬುಡ ಓರೆಯಾಗಿದ್ದರೂ ಮೇಲಿನ ಭಾಗ ಮತ್ತೆ ನೆಟ್ಟಗಾಗಿ ಆಕಾಶ ನೋಡುತ್ತಿರುತ್ತದೆ. ದೂರದಿಂದ ನೋಡಿದರೆ ಕುಡುಗೋಲಿನ ಹಾಗೆ ಬಾಗು ಕಾಣುತ್ತದೆ. ಇಂಥ ಮರ ವರ್ಷಗಟ್ಟಲೆ ತನ್ನ ಭಾರವನ್ನು ತಾನೇ ಸರಿತೂಗಿಸಿಕೊಂಡಿರುತ್ತದೆ. ಇನ್ನೊಂದು ಬಗೆ ಹೊಸ ವಾಲು. ಬುಡದಿಂದ ನೆತ್ತಿಯವರೆಗೆ ಮರ ಒಂದೇ ಗೆರೆಯಲ್ಲಿ ಓರೆಯಾಗಿರುತ್ತದೆ. ವಾಲಿದ ಕಡೆಯ ಎದುರು ಬದಿಯಲ್ಲಿ ಮಣ್ಣು ಉಬ್ಬಿ ಬಿರುಕು ಬಿಟ್ಟಿರುತ್ತದೆ. ಕೆಲವು ಸಲ ಕಿತ್ತ ಬೇರು ಹೊರಗೆ ಕಾಣುತ್ತದೆ. ಇದು ಕಂಡರೆ ಒಂದು ದಿನವೂ ಕಾಯಬೇಡಿ.

ನಾಳೆ ಬೆಳಿಗ್ಗೆ ಮರದ ಸುತ್ತ ಒಂದು ಸುತ್ತು ಬನ್ನಿ. ಬುಡದಲ್ಲಿ ಗಟ್ಟಿಯಾದ, ತಟ್ಟೆಯ ಹಾಗಿರುವ ಅಣಬೆ ಬೆಳೆದಿದೆಯಾ ನೋಡಿ. ಅದಿದ್ದರೆ ಒಳಗೆ ಬೇರೋ ಬೊಡ್ಡೆಯೋ ಕೊಳೆಯುತ್ತಿದೆ ಅಂತ ಅರ್ಥ. ಕಟ್ಟಿಗೆಯ ಸುತ್ತಿಗೆ ಇದ್ದರೆ ಅದರಿಂದ ಬೊಡ್ಡೆಯನ್ನು ಮೆಲ್ಲಗೆ ತಟ್ಟಿ ಕೇಳಿ. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಡೋಲಿನ ಹಾಗೆ ಟೊಳ್ಳು ಸದ್ದು ಬಂದರೆ ಅದನ್ನು ಬರೆದಿಡಿ. ದೊಡ್ಡ ಕವಲು ಸೇರುವ ಜಾಗದಲ್ಲಿ ಸೀಳು ಇದೆಯಾ ನೋಡಿ. ಗೆದ್ದಲು ಕಂಡರೆ ಮಾತ್ರ ತಕ್ಷಣ ಹೆದರಬೇಡಿ. ಅದು ಸಾಮಾನ್ಯವಾಗಿ ಹೊರಗಿನ ಸತ್ತ ತೊಗಟೆ, ಒಣ ಕಟ್ಟಿಗೆಯನ್ನು ತಿನ್ನುತ್ತದೆ. ಗೆದ್ದಲು ಹತ್ತಿದೆ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಒಳ್ಳೆಯ ಮರಗಳನ್ನು ಕಡಿಸಿದ್ದಾರೆ.

ಕೊನೆಯದಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಕೆಲವು ವರ್ಷಗಳಲ್ಲಿ ಆ ಮರದ ಹತ್ತಿರ ಯಾರಾದರೂ ಅಗೆದಿದ್ದಾರಾ? ಕೇಬಲ್ಲು, ನೀರಿನ ಪೈಪು, ಮೋರಿ, ಕಾಂಪೌಂಡಿನ ಪಾಯ? ಇದನ್ನು ಕೇಳದೆ ನಾನು ಒಂದು ಸಲ ದೊಡ್ಡ ತಪ್ಪು ಮಾಡಿದ್ದೇನೆ. ಒಂದು ಮನೆಯ ಮುಂದಿನ ಗುಲ್‌ಮೊಹರ್ ನೋಡಿ, ಹಸಿರಾಗಿದೆ, ಬೊಡ್ಡೆ ಗಟ್ಟಿಯಿದೆ, ಏನೂ ತೊಂದರೆಯಿಲ್ಲ ಅಂದಿದ್ದೆ. ಹಿಂದಿನ ವರ್ಷ ಹೊಸ ಕಾಂಪೌಂಡು ಕಟ್ಟಿದಾಗ ಒಂದು ಬದಿಯ ಬೇರನ್ನೆಲ್ಲ ಸಾಲಾಗಿ ಕಡಿದು ಮುಚ್ಚಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೇ ತಿಂಗಳಲ್ಲಿ ಮರ ಬೇರು ಸಮೇತ ಬಿತ್ತು. ಆ ಹೊತ್ತಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಆ ನಂತರ ನಾನು ಎಲ್ಲಿಗೆ ಹೋದರೂ ಮೇಲೆ ನೋಡುವ ಮೊದಲು ಕೆಳಗೆ ನೋಡುತ್ತೇನೆ. ಬೊಡ್ಡೆಯ ಅಡ್ಡಳತೆಯ ಮೂರರಷ್ಟು ದೂರದೊಳಗೆ ಬೇರು ಕಡಿದಿದ್ದರೆ ಮರ ನಿಲ್ಲುವ ಬಲವೇ ಹೋಗಿರುತ್ತದೆ, ಎಲೆ ಎಷ್ಟೇ ಹಸಿರಾಗಿರಲಿ.

ಈ ಗುರುತುಗಳಲ್ಲಿ ಯಾವುದಾದರೂ ಇದ್ದರೆ ನಿಮ್ಮ ಗುಲ್‌ಮೊಹರ್ "ಜೀವಕ್ಕೆ, ಆಸ್ತಿಗೆ ಅಪಾಯ" ಅನ್ನುವ ಕಾರಣಕ್ಕೆ ಬರುತ್ತದೆ. ಅರ್ಜಿಯಲ್ಲಿ ಅದನ್ನೇ ಬರೆಯಿರಿ. ಫೋಟೊ ಹಚ್ಚಿ. ಯಾವುದೂ ಇಲ್ಲದಿದ್ದರೆ ಪೂರ್ತಿ ಕಡಿಯುವ ಬದಲು ರಸ್ತೆ ಕಡೆಯ ಭಾರದ ಕೊಂಬೆಗಳನ್ನು ಹಗುರ ಮಾಡಲು ಅನುಮತಿ ಕೇಳಿ. ಹಗುರ ಮಾಡುವುದು ಅಂದರೆ ನೆತ್ತಿ ಬೋಳಿಸುವುದಲ್ಲ. ಬೋಳಿಸಿದ ಮರದಲ್ಲಿ ಕಡಿದ ಜಾಗದಿಂದ ಹತ್ತಾರು ಚಿಗುರು ಒಟ್ಟಿಗೆ ಬರುತ್ತವೆ. ಅವಕ್ಕೆ ಬೊಡ್ಡೆಯ ಜೊತೆ ಗಟ್ಟಿ ಹಿಡಿತ ಇರುವುದಿಲ್ಲ. ಮೂರ್ನಾಲ್ಕು ವರ್ಷಕ್ಕೆ ಅವೇ ದಪ್ಪವಾಗಿ, ಅವೇ ಮುರಿದು ಬೀಳುತ್ತವೆ. ಕೊಂಬೆಯನ್ನು ಅದು ಹುಟ್ಟುವ ಗೆಣ್ಣಿನ ಹತ್ತಿರ, ಉಬ್ಬಿಗೆ ಗಾಯವಾಗದ ಹಾಗೆ ತೆಗೆಯಬೇಕು. ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಬೀಳುವಾಗ ತೊಗಟೆ ಸೀಳಿಕೊಂಡು ಬರುತ್ತದೆ.

ಈಗ ಹಲಸು. ನಿಮಗೆ ಮನಸ್ಸಿಲ್ಲ ಅಂದಿರಿ. ನನಗೂ ಇಲ್ಲ. ಹಲಸು ನೂರು ವರ್ಷದ ಹತ್ತಿರ ಬಾಳುವ ಮರ. ನಾಲ್ಕು ದಶಕದ ಹಲಸು ಅಂದರೆ ಇನ್ನೂ ನಡು ವಯಸ್ಸು. ತಾಯಿಬೇರು ಆಳ, ಕಟ್ಟಿಗೆ ಗಟ್ಟಿ. ವೀಣೆ, ಮೃದಂಗಕ್ಕೆ ಹಲಸಿನ ಮರವನ್ನೇ ಹುಡುಕುತ್ತಾರಲ್ಲ, ಸುಮ್ನೆ ಅಲ್ಲ. ಅದು ಗಟ್ಟಿಯಾಗಿದ್ದರೆ ನಿರಾಕರಿಸುವಂತಿಲ್ಲ ಅನ್ನುವ ಪಟ್ಟಿಯ ಯಾವ ಕಾರಣವೂ ಅದಕ್ಕೆ ಹೊಂದುವುದಿಲ್ಲ.

ಬೇರು ಪಾಯ ಎತ್ತುತ್ತದೆ ಅನ್ನುವ ಕಂಟ್ರಾಕ್ಟರ್ ಮಾತಿಗೆ ಬರುತ್ತೇನೆ. ಬೇರಿಗೆ ತೆಳು ಕಾಂಪೌಂಡನ್ನು, ಸಿಮೆಂಟು ನೆಲವನ್ನು ಎತ್ತುವ ಶಕ್ತಿ ಇದೆ, ನಿಜ. ಆದರೆ ಪಿಲ್ಲರ್ ಹಾಕಿ ಕಟ್ಟಿದ ಮೂರು ಮಹಡಿಯ ಭಾರವನ್ನು ಎತ್ತುವುದು ಬೇರೆಯೇ ಮಾತು. ಬೇರಿನ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತದೆ, ಗಾಳಿ ನೀರು ಸಿಗುವುದು ಅಲ್ಲೇ. ಪೈಪಿನೊಳಗೆ ಬೇರು ನುಗ್ಗಿತು ಅನ್ನುತ್ತಾರೆ. ಹೆಚ್ಚಿನ ಸಲ ಪೈಪಿನ ಜಾಯಿಂಟು ಮೊದಲೇ ಸೋರುತ್ತಿರುತ್ತದೆ, ತೇವ ಹುಡುಕಿಕೊಂಡು ಬೇರು ಅಲ್ಲಿಗೆ ಹೋಗಿರುತ್ತದೆ.

ಹಾಗಂತ ಮರದ ಪಕ್ಕದಲ್ಲೇ ಪಾಯ ತೋಡಬಹುದು ಅಂತಲ್ಲ. ಟೇಪು ತೆಗೆದುಕೊಂಡು ಎದೆ ಮಟ್ಟದಲ್ಲಿ ಬೊಡ್ಡೆಯ ಸುತ್ತಳತೆ ನೋಡಿ. ಅದನ್ನು ಮೂರರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಅಡ್ಡಳತೆ ಸಿಗುತ್ತದೆ. ಸುತ್ತಳತೆ 54 ಇಂಚು ಇದ್ದರೆ ಅಡ್ಡಳತೆ 18 ಇಂಚು. ಮರ ಬಿಗಿಯಾಗಿ ನಿಲ್ಲೋಕೆ ಬುಡದಿಂದ ಕಡೇ ಪಕ್ಷ ಅಡ್ಡಳತೆಯ ಮೂರರಷ್ಟು, ಅಂದರೆ ನಾಲ್ಕೂವರೆ ಅಡಿಯೊಳಗೆ ಅಗೆಯಲೇಬಾರದು. ಐದರಷ್ಟು, ಅಂದರೆ ಏಳೂವರೆ ಅಡಿ ಬಿಟ್ಟರೆ ಇನ್ನೂ ಒಳ್ಳೆಯದು. ಅದರಾಚೆಗೆ ಉದ್ದುದ್ದ ಪಾಯ ತೋಡುವ ಬದಲು ಬೇರೆ ಬೇರೆ ಗುಂಡಿಯಲ್ಲಿ ಪಿಲ್ಲರ್ ನಿಲ್ಲಿಸಿ, ಮೇಲೆ ಬೀಮು ಹಾಯಿಸಿದರೆ ಎರಡು ಪಿಲ್ಲರಿನ ನಡುವೆ ಬೇರು ಉಳಿಯುತ್ತದೆ. ಬೇರು ಅಡ್ಡ ಬಂದರೆ ಪಿಲ್ಲರನ್ನು ಒಂದಡಿ ಆಚೆಗೆ ಸರಿಸುವುದು ಒಳ್ಳೆಯ ಸ್ಟ್ರಕ್ಚರಲ್ ಇಂಜಿನಿಯರಿಗೆ ಕಷ್ಟದ ಕೆಲಸವಲ್ಲ. ನಕ್ಷೆ ಬರೆಯುವಾಗ ಹೇಳಿದರೆ ಮಾತ್ರ. ಪಾಯ ಹಾಕಿದ ಮೇಲೆ ಹೇಳಿದರೆ ಯಾರಿಂದಲೂ ಆಗುವುದಿಲ್ಲ.

ನಿಮ್ಮ ಹಲಸು ಹಿತ್ತಲಲ್ಲಿದೆ. ಹಿಂದೆ ಹೇಗೂ ಜಾಗ ಬಿಡಬೇಕು. ಬಿಡುವ ಆ ಜಾಗವನ್ನು ಮರ ಇರುವ ಮೂಲೆಗೆ ಸ್ವಲ್ಪ ಜಾಸ್ತಿ ಮಾಡಿ, ಸಂಪನ್ನೂ ಕಾರನ್ನೂ ಮುಂದೆ ತಂದರೆ ಮರ ಉಳಿಯುವ ಎಲ್ಲ ಸಾಧ್ಯತೆ ಇದೆ. ಪಶ್ಚಿಮಕ್ಕೆ ಮರ ಇದ್ದರೆ ಸಂಜೆ ಬಿಸಿಲು ಗೋಡೆಗೆ ಬೀಳುವುದಿಲ್ಲ. ಮೇಲಿನ ಮಹಡಿಯಲ್ಲಿ ಮಲಗುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಕಿತ್ತು ಬೇರೆ ಕಡೆ ನೆಡಬಹುದಾ ಅಂತ ಮಗ ಕೇಳಬಹುದು. ಅರಳಿ, ಆಲ, ಅತ್ತಿ ಜಾತಿಯ ಮರಗಳಾದರೆ ನಾನೇ ಪ್ರಯತ್ನಿಸಿ ಅನ್ನುತ್ತಿದ್ದೆ. ಅವು ಕೊಂಬೆ ನೆಟ್ಟರೂ ಬದುಕುವ ಜಾತಿ. ಹಲಸು ಹಾಗಲ್ಲ. ಅದರ ತಾಯಿಬೇರು ಕಡಿದರೆ ಚೇತರಿಸಿಕೊಳ್ಳುವುದು ಬಹಳ ಕಷ್ಟ. ಕ್ರೇನಿಗೆ, ಲಾರಿಗೆ ದುಡ್ಡು ಸುರಿದು ಕೊನೆಗೆ ಒಣಮರ ನೋಡಬೇಕಾಗುತ್ತದೆ.

ಪಕ್ಕದ ಮನೆಯವರ ಎಲೆಯ ದೂರಿಗೆ ನಾನು ಕಾನೂನು ಹೇಳುವುದಿಲ್ಲ. ಅವರ ಸೂರಿನ ಮೇಲೆ ಚಾಚಿದ ಕೊಂಬೆ ಇದ್ದರೆ ಅನುಮತಿ ಪಡೆದು ಅಷ್ಟನ್ನೇ ತೆಗೆಸಿ. ಜೊತೆಗೆ ಈ ಸಲದ ಮೊದಲ ಹಣ್ಣಿನ ತೊಳೆ ಅವರ ಮನೆಗೇ ಹೋಗಲಿ. ಬೇಲಿಯಾಚೆಯ ಜಗಳಗಳಲ್ಲಿ ಹಲಸಿನ ತೊಳೆಯಷ್ಟು ಕೆಲಸ ಮಾಡಿದ ನೋಟೀಸನ್ನು ನಾನು ಕಂಡಿಲ್ಲ.

ಈಗ ಅರ್ಜಿ. ಬಿಬಿಎಂಪಿ ಅಂತ ಹುಡುಕಬೇಡಿ. 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಿಮ್ಮ ಸೈಟು ಯಾವ ಪಾಲಿಕೆಗೆ ಸೇರುತ್ತದೆ ಅಂತ ವಾರ್ಡ್ ಕಚೇರಿಯಲ್ಲಿ ಕೇಳಿಕೊಳ್ಳಿ. ಅರ್ಜಿಯನ್ನು ವೃಕ್ಷಾಧಿಕಾರಿಯ ಹೆಸರಿಗೆ ಬರೆಯಿರಿ. ಸೈಟಿನ ನಂಬರಿರುವ ಒಂದು ನಕ್ಷೆ, ಅದರಲ್ಲಿ ಪ್ರತಿ ಮರದ ಜಾಗ, ಎಷ್ಟು ಮರ, ಯಾವ ಜಾತಿ, ಸುತ್ತಳತೆ ಎಷ್ಟು, ಕಾರಣ ಏನು, ಮಾಲೀಕರ ಒಪ್ಪಿಗೆ. ಕಾಯ್ದೆ ಕೇಳುವುದು ಇಷ್ಟು. ಆಸ್ತಿ ಇನ್ನೂ ಮಾವನವರ ಹೆಸರಿನಲ್ಲೇ ಇದ್ದರೆ ಖಾತಾ ವಿಷಯ ಮೊದಲು ಸರಿ ಮಾಡಿಕೊಳ್ಳಿ. ಇಂಥ ಕಡತಗಳು ನಿಂತುಹೋಗುವುದು ಮರದ ಕಾರಣಕ್ಕಿಂತ ಖಾತಾ ಕಾರಣಕ್ಕೇ ಜಾಸ್ತಿ. ನಕ್ಷೆಯನ್ನು ಇಂಜಿನಿಯರೇ ಬರೆಯಬೇಕಿಲ್ಲ, ಅಳತೆ ಸರಿಯಿದ್ದು ನೀವೇ ಸ್ಕೇಲು ಹಿಡಿದು ಬರೆದರೂ ಅರ್ಥವಾಗುತ್ತದೆ. ಮರದ ಫೋಟೊ ತೆಗೆಯುವಾಗ ಒಂದು ದೂರದಿಂದ, ಒಂದು ಬುಡದ ಹತ್ತಿರದಿಂದ, ಒಂದು ತೊಂದರೆಯ ಜಾಗದ್ದು ಇರಲಿ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಟ್ಟಬೇಕಾದ ಹಣ ಏನೇ ಇರಲಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಲಸಿಗೂ ಅರ್ಜಿ ಹಾಕಲೇಬೇಕಾಗಿ ಬಂದರೆ ಅದಕ್ಕೂ ಗುಲ್‌ಮೊಹರಿಗೂ ಒಂದೇ ಕಾರಣ ಬರೆಯಬೇಡಿ. "ಎರಡೂ ಅಪಾಯ" ಅಂತ ಬರೆದು, ಅಧಿಕಾರಿ ಬಂದು ಹಲಸು ಗಟ್ಟಿಯಾಗಿರುವುದನ್ನು ನೋಡಿದರೆ ಗುಲ್‌ಮೊಹರಿನ ನಿಜವಾದ ಅಪಾಯವನ್ನೂ ಅವರು ನಂಬುವುದಿಲ್ಲ. ಸ್ಥಳ ಪರಿಶೀಲನೆಗೆ ಬಂದಾಗ ನೀವೇ ಮನೆಯಲ್ಲಿರಿ. ಕಂಟ್ರಾಕ್ಟರನ್ನು ಮಾತಾಡಲು ಬಿಡಬೇಡಿ.

ಅನುಮತಿ ಸಿಕ್ಕಿದರೆ ಆದೇಶ ಕೈಗೆ ಬಂದ ಮೇಲೆಯೇ ಕೆಲಸಗಾರರನ್ನು ಕರೆಯಿರಿ. ಫೋನಿನಲ್ಲಿ "ಆಯ್ತು ಬಿಡಿ" ಅಂದದ್ದು ಸಾಲದು. ಆದೇಶದಲ್ಲಿ ಬದಲಿ ಗಿಡ ನೆಡುವ ಷರತ್ತು ಇರುತ್ತದೆ. ಸಾಮಾನ್ಯವಾಗಿ ಕಡಿದ 30 ದಿನದೊಳಗೆ ಅದೇ ಜಾಗದಲ್ಲೋ ಬೇರೆ ಸರಿಯಾದ ಜಾಗದಲ್ಲೋ ನೆಡಬೇಕು. ಗುಲ್‌ಮೊಹರ್ ಹೋದ ಜಾಗಕ್ಕೆ ಸಂಪಿಗೆ ಚೆನ್ನಾಗಿರುತ್ತದೆ, ಇನ್ನೂ ಸಣ್ಣದು ಬೇಕಿದ್ದರೆ ಪಾರಿಜಾತ. ಕಡಿದ ಕಟ್ಟಿಗೆಯನ್ನು ಸಾಮಿಲ್ಲಿಗೋ ಬೇರೆ ಊರಿಗೋ ಸಾಗಿಸುವುದಾದರೆ ಸಾಗಣೆ ಪಾಸು ಬೇಕಾಗಬಹುದು. ಅದನ್ನೂ ಅದೇ ಕಚೇರಿಯಲ್ಲಿ ಅದೇ ದಿನ ಕೇಳಿ. ಅನುಮತಿ ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು. ಅದು ಸರಿಯಿಲ್ಲ ಅನಿಸಿದರೆ ವೃಕ್ಷಾಧಿಕಾರಿಗಿಂತ ಮೇಲಿನ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು, ತಡ ಮಾಡಬಾರದು ಅಷ್ಟೇ.

ಕಡಿಯುವ ಮೊದಲು ಗೂಡು ಇದೆಯಾ ನೋಡಿಸಿ. ಬೆಂಗಳೂರಿನ ಹದ್ದುಗಳು ಚಳಿಗಾಲದ ಕೊನೆಗೆ ಮರಿ ಮಾಡುತ್ತವೆ, ಕುಟ್ರಹಕ್ಕಿ ಒಣ ಕೊಂಬೆಯ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಕಾಡು ಹಕ್ಕಿಯ ಗೂಡು, ಮೊಟ್ಟೆ ಹಾಳು ಮಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯಾಡಿದ ಹಾಗೆಯೇ ನೋಡುತ್ತದೆ. ಮರಿ ಹಾರಿಹೋಗುವ ತನಕ ಕಾಯಬಹುದಾದ ಮರವಾದರೆ ಕಾಯಿರಿ.

ನಿಮ್ಮ ಪತ್ರದಲ್ಲಿಲ್ಲದ ಒಂದು ಮಾತು. ಹಿತ್ತಲಿನ ಮೂಲೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಎದ್ದ ಶ್ರೀಗಂಧದ ಗಿಡ ಇದೆಯಾ ನೋಡಿ. ಹಳೆ ಬಡಾವಣೆಗಳಲ್ಲಿ ಇದು ಅಪರೂಪವಲ್ಲ. ಮೊದಲು ನಮ್ಮ ಜಾಗದಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯ ನಂತರ ಮಾಲೀಕರಿಗೆ ಹಕ್ಕು ಬಂದಿದೆ. ಆದರೆ ಕಡಿಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಟ್ಟಡದ ಕೆಲಸಗಾರರಿಗೆ ತೋರಿಸಲೂ ಹೋಗಬೇಡಿ.

ಇನ್ನು "ದಂಡ ಕಟ್ಟಿದರೆ ಆಯ್ತು" ಅನ್ನುವ ಧೈರ್ಯ. ಅನುಮತಿ ಇಲ್ಲದೆ ಕಡಿದರೆ ನಮ್ಮ ಕಾಯ್ದೆಯಲ್ಲಿ ದಂಡದ ಜೊತೆ ಜೈಲಿಗೂ ಅವಕಾಶವಿದೆ. ಕೇಸು ಬೀಳುವುದು ಕಂಟ್ರಾಕ್ಟರ್ ಮೇಲೆ ಮಾತ್ರ ಅಲ್ಲ, ಮಾಲೀಕರ ಮೇಲೂ. ಕೋರ್ಟುಗಳ ಮನೋಭಾವವೂ ಈಗ ಬೇರೆಯಾಗಿದೆ. ಉತ್ತರ ಪ್ರದೇಶದ ಮಥುರಾ-ವೃಂದಾವನ ಕಡೆ ಅನುಮತಿಯಿಲ್ಲದೆ 454 ಮರ ಕಡಿದ ಪ್ರಕರಣದಲ್ಲಿ, 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮರವೊಂದಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡ ಹಾಕಿತು. ಅದೂ ಖಾಸಗಿ ಜಮೀನೇ. ಅಲ್ಲಿನ ನಿಯಮ ಬೇರೆ, ತಾಜ್ ಮಹಲ್ ಸುತ್ತಲಿನ ಪ್ರದೇಶಕ್ಕೆ ಸುಪ್ರೀಂ ಕೋರ್ಟ್ ಹಾಕಿದ ನಿರ್ಬಂಧ ಅದು. ಆದರೂ ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅದಕ್ಕೂ ಮೊದಲು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಬೆಂಗಳೂರಿನ ಮೆಟ್ರೊಗಾಗಿ ಮರ ಕಡಿಯುವ ವಿಚಾರದಲ್ಲಿ, ತಜ್ಞರು ಒಂದೊಂದು ಮರವನ್ನೂ ನೋಡಬೇಕು ಅಂತ ಹೈಕೋರ್ಟ್ ಪಟ್ಟು ಹಿಡಿದದ್ದು ಅವರ ಕಾಲದಲ್ಲೇ. ಸರ್ಕಾರದ ಯೋಜನೆಗೇ ಮರ ನೋಡಿ ಕಾರಣ ಬರೆಯಿರಿ ಅಂತ ಹೇಳಿದ ಊರಿದು.

ನೀವು ಈಗ ಮಾಡಬೇಕಾದ್ದು ಇಷ್ಟು. ಗುಲ್‌ಮೊಹರಿನ ಅರ್ಜಿ ಈ ವಾರವೇ ಹೋಗಲಿ, ಬೇಸಿಗೆ ಮಳೆ ಶುರುವಾಗುವ ಮೊದಲು ಅಧಿಕಾರಿ ಬಂದು ನೋಡುವಂತಾಗಬೇಕು. ಅಲ್ಲಿಯವರೆಗೆ ಅದರ ಕೆಳಗೆ ಕಾರು ನಿಲ್ಲಿಸಬೇಡಿ. ಗಾಳಿ ಜೋರಾದ ದಿನ ಮಕ್ಕಳನ್ನು ಆ ಕಡೆ ಬಿಡಬೇಡಿ. ಬುಡದ ಮಣ್ಣು ಬಿರುಕು ಬಿಟ್ಟದ್ದು ಕಂಡರೆ ಪಾಲಿಕೆ ಸಹಾಯವಾಣಿ 1533ಕ್ಕೆ ಫೋನ್ ಮಾಡಿ. ಕೊಂಬೆ ಕರೆಂಟು ತಂತಿಗೆ ತಾಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ಮಾಡಿ, ನೀವು ಯಾರೂ ಮುಟ್ಟಬೇಡಿ. ಹಲಸಿಗೆ ಸದ್ಯಕ್ಕೆ ಅರ್ಜಿಯೇ ಬೇಡ. ಮಗನನ್ನೂ ಇಂಜಿನಿಯರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ, ಬುಡದ ಸುತ್ತ ಅಡ್ಡಳತೆಯ ಐದರಷ್ಟು ದೂರಕ್ಕೆ (ಸುತ್ತಳತೆ 54 ಇಂಚಾದರೆ ಏಳೂವರೆ ಅಡಿಗೆ) ಸುಣ್ಣದಲ್ಲಿ ಒಂದು ಗೆರೆ ಹಾಕಿಸಿ. ಆ ಗೆರೆಯ ಹೊರಗೆ ಎಂಥ ಮನೆ ಬರುತ್ತದೆ ಅಂತ ಬರೆದು ತೋರಿಸಲು ಹೇಳಿ. ಅವರು ಬರೆದುಕೊಟ್ಟ ನಕ್ಷೆಯನ್ನು, ಗುಲ್‌ಮೊಹರಿನ ಬುಡದ ಫೋಟೊ ಜೊತೆ ನನಗೆ ಕಳಿಸಿದರೆ ಖಂಡಿತ ನೋಡುತ್ತೇನೆ.